ಬಾಗುವ ಲೆಗೋ ಟ್ಯೂಬಿನ ಮೇಲೆ ಕಾಫಿ ಹಣ್ಣು ಕೂರಿಸಿದ್ದು: ನನ್ನ ಅನುಭವ

"ಲೆಗೋ ಗಿಡದ ಕೊಂಬೆಗೆ ಎಲೆ, ಹಣ್ಣನ್ನು ಒಂದೊಂದಾಗಿ ಕೈಯಲ್ಲೇ ಕೂರಿಸಬೇಕು, ಬೇರೆ ದಾರಿ ಇಲ್ಲ" ಎಂದು ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನ ಗೆಳೆಯನೊಬ್ಬ ಹತ್ತು ವರ್ಷದಿಂದ ಲೆಗೋ ಮಾಡೆಲ್ ಕಟ್ಟುತ್ತಿದ್ದಾನೆ. ಅವನೂ ಫೋನಿನಲ್ಲಿ "ಸುಮ್ನೆ ಟೈಮ್ ವೇಸ್ಟ್" ಎಂದ. ಈಗ ಹನ್ನೆರಡು ಕೊಂಬೆಯ ಲೆಗೋ ಕಾಫಿ ಗಿಡ ಮೂಡಿಗೆರೆ ಕಡೆಯ ಒಂದು ಹೋಮ್‌ಸ್ಟೇ ಕೌಂಟರ್ ಮೇಲೆ ನಿಂತಿದೆ. ಕಟ್ಟುವ ಮೊದಲು ಕಂಪ್ಯೂಟರಿನ ಮಾಡೆಲ್‌ನಲ್ಲಿ ಎಲೆ, ಹಣ್ಣನ್ನು ಕೂರಿಸಿದ್ದು ನಾನು ಬರೆದ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ. ಅಲ್ಲಿ ನಾನು ಕೈಯಾರೆ ಕೂರಿಸಿದ್ದು ಮೊದಲ ಕೊಂಬೆ ಮಾತ್ರ, ಅದಕ್ಕೆ ಎರಡು ಸಂಜೆ ಹಿಡಿಯಿತು. ಉಳಿದ ಹನ್ನೊಂದಕ್ಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಲೆಗೋ ಮಾಡೆಲನ್ನು ತುಂಡಿಗೊಂದು ಸಾಲಿನಂತೆ ಬರೆದಿಡುವ ಎಲ್‌ಡ್ರಾ ಫೈಲ್ ತೆರೆದು ನೋಡಿದವರಿಗೆ ಇದು ಅರ್ಥವಾಗುತ್ತದೆ, ಹಾಗಾಗಿ ಬುಡದಿಂದ ಹೇಳುವುದಿಲ್ಲ.

ಲೆಗೋ ಮಾಡೆಲ್ ಕಟ್ಟಲು ಎಲ್ಲರೂ ಬಳಸುವ ಸಾಫ್ಟ್‌ವೇರ್‌ನಲ್ಲೇ ಶುರು ಮಾಡಿದೆ. ಟ್ಯೂಬ್ ಚೆನ್ನಾಗಿಯೇ ಬಾಗಿತು. ಆದರೆ ಅದರ ಮೇಲೆ ಹಣ್ಣು ಪೋಣಿಸಿದ ಮೇಲೆ ಬಾಗು ಸ್ವಲ್ಪ ಬದಲಿಸಿದರೆ ಸಾಕು, ಟ್ಯೂಬ್ ಒಂದು ಕಡೆ, ಹಣ್ಣು ಇನ್ನೊಂದು ಕಡೆ. ಮತ್ತೆ ಮೊದಲಿನಿಂದ ಕೂರಿಸಬೇಕು. ಹೋಮ್‌ಸ್ಟೇ ಮಾಲೀಕರು ಕೊಂಬೆಯ ಬಾಗನ್ನು ಮೂರು ಸಲ ಬದಲಿಸಲು ಹೇಳಿದ್ದರು. ಕೈಯಲ್ಲಿ ಮಾಡಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ.

ಆಮೇಲೆ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ನನ್ನದೇ ವಕ್ರರೇಖೆ ಬರೆದೆ. ಸಮ ಸಮ ಹೆಜ್ಜೆ ಹಾಕಿದೆ ಎಂದುಕೊಂಡಿದ್ದೆ. ಬಾಗು ಜಾಸ್ತಿ ಇದ್ದ ಕಡೆ ಹಣ್ಣುಗಳು ಒಂದರ ಮೇಲೊಂದು ಬಿದ್ದವು, ನೇರ ಇದ್ದ ಕಡೆ ಬೋಳು. ರೇಖೆಯ ಲೆಕ್ಕದ ಹೆಜ್ಜೆ ಬೇರೆ, ಟ್ಯೂಬಿನ ಮೇಲಿನ ಉದ್ದ ಬೇರೆ. ಅಳತೆ ಮಾಡಿ ಸರಿಪಡಿಸಬಹುದಿತ್ತು. ಆದರೆ ಆಗ ಹೊಳೆದದ್ದು ಬೇರೆಯೇ.

ಎಲ್‌ಡ್ರಾ ಫೈಲಿಗೆ ಬಾಗುವ ಟ್ಯೂಬ್ ಮಾಡಿಕೊಡುವ ಪ್ರೋಗ್ರಾಂ ಎಲ್‌ಸಿಂತ್, ಅದು ಟ್ಯೂಬನ್ನು ಹೇಗೆ ಮಾಡುತ್ತದೆ? ಸಣ್ಣ ಸಣ್ಣ ತುಂಡುಗಳನ್ನು ಸಾಲಾಗಿ ಜೋಡಿಸುತ್ತದೆ. ಫೈಲಿನಲ್ಲಿ ಪ್ರತಿ ತುಂಡೂ ಒಂದು ಸಾಲು. ಆ ಸಾಲಿನಲ್ಲಿ ಜಾಗ ಇದೆ, ಮುಖ ಎತ್ತ ಅನ್ನುವುದೂ ಒಂಬತ್ತು ಸಂಖ್ಯೆಗಳಲ್ಲಿ ಇದೆ. ನನಗೆ ಬೇಕಾದ್ದೆಲ್ಲ ಅಲ್ಲೇ ಬರೆದಿಟ್ಟಿದೆ, ಅಲ್ವಾ? ಲೆಕ್ಕ ಹಾಕಿ ಬೆವರುವುದು ಯಾಕೆ? ಎಷ್ಟನೆಯ ತುಂಡು ಬೇಕೋ ಆ ಸಾಲನ್ನು ನಕಲು ಮಾಡಿ, ಸಾಲಿನ ಕೊನೆಯಲ್ಲಿರುವ ತುಂಡಿನ ಫೈಲ್ ಹೆಸರನ್ನು ತೆಗೆದು ನನ್ನ ಹಣ್ಣಿನ ಗೊಂಚಲಿನ ಹೆಸರು ಹಾಕಿದರೆ ಆಯಿತು. ನನ್ನ ವಿಧಾನದ ಜೀವ ಇಷ್ಟೇ.

ಮೊದಲ ಸಲ ಓಡಿಸಿದಾಗ ಹಣ್ಣುಗಳು ಹುಣಸೆ ಕಾಯಿಯಂತೆ ಉದ್ದವಾದವು. ತುಂಡುಗಳ ನಡುವೆ ಸಂದು ಬೀಳದಿರಲೆಂದು ಟ್ಯೂಬಿನ ತುಂಡನ್ನು ಉದ್ದಕ್ಕೆ ಎಳೆದಿರುತ್ತದೆ. ಆ ಎಳೆತ ಮುಖ ಹೇಳುವ ಆ ಒಂಬತ್ತು ಸಂಖ್ಯೆಗಳ ಒಳಗೇ ಕೂತಿರುತ್ತದೆ. ಎರಡು, ಐದು, ಎಂಟನೆಯ ಸಂಖ್ಯೆ ತೆಗೆದು, ಆ ಮೂರೂ ಸೇರಿ ತೋರಿಸುವ ಗೆರೆಯ ಉದ್ದದಿಂದ ಅವನ್ನೇ ಭಾಗಿಸಿದೆ. ಹಣ್ಣು ದುಂಡಗಾಯಿತು. ಹೇಳಲು ಒಂದು ನಿಮಿಷ, ಹುಡುಕಲು ನಾಲ್ಕು ದಿನ. ಜುಲೈ ತಿಂಗಳು, ಮಳೆ ಬಿಟ್ಟಿರಲಿಲ್ಲ, ಕರೆಂಟ್ ದಿನಕ್ಕೆ ಐದಾರು ಸಲ ಹೋಗುತ್ತಿತ್ತು.

ಎಲೆಯದ್ದು ಇನ್ನೂ ದೊಡ್ಡ ತಲೆನೋವು. ಹಣ್ಣು ಎತ್ತ ತಿರುಗಿದರೂ ಹಣ್ಣೇ. ಎಲೆ ಹಾಗಲ್ಲ. ಕಾಫಿಯ ಅಡ್ಡ ಕೊಂಬೆಯಲ್ಲಿ ಗಂಟಿಗೆ ಎರಡು ಎಲೆ, ಎದುರುಬದುರು, ಎರಡೂ ಆಕಾಶಕ್ಕೆ ಮುಖ ಮಾಡಿ ಹಾಸಿಕೊಂಡಿರುತ್ತವೆ. ನನ್ನ ಕೊಂಬೆಯಲ್ಲಿ ಟ್ಯೂಬ್ ಬಾಗಿದಂತೆಲ್ಲ ಎಲೆ ಮೆಲ್ಲಗೆ ತಿರುಚಿಕೊಳ್ಳುತ್ತಾ ಹೋಗಿ ತುದಿಯಲ್ಲಿ ನೆಲ ನೋಡುತ್ತಿತ್ತು. ಕೊನೆಗೆ ಟ್ಯೂಬಿನಿಂದ ದಿಕ್ಕು ಮಾತ್ರ ತೆಗೆದುಕೊಂಡೆ. ಮೇಲೆ ಯಾವುದು ಎನ್ನುವುದನ್ನು ನಾನೇ ಕೊಟ್ಟೆ. ಎಲ್‌ಡ್ರಾದಲ್ಲಿ ಮೇಲೆ ಅಂದರೆ ವೈ ಮೈನಸ್. ಗೊತ್ತಿದ್ದೂ ಒಮ್ಮೆ ಎಡವಿದೆ. ಎಲೆಯನ್ನು ಎಷ್ಟು ಡಿಗ್ರಿ ಜೋಲಿಸಿದರೆ ಜೀವ ಬರುತ್ತದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ತೋಟದಲ್ಲಿ ನಿಂತು ನೋಡಿ ಕಂಡುಕೊಂಡದ್ದು, ಅದು ನನ್ನ ಹತ್ತಿರವೇ ಇರಲಿ.

ಈಗ ದುಡ್ಡಿನ ವಿಷಯ. ಹಣ್ಣಿಗೆ ಒಂದೇ ಸ್ಟಡ್ (ಲೆಗೋ ತುಂಡಿನ ಮೇಲಿನ ಗುಬ್ಬಿ) ಇರುವ ಕೆಂಪು ದುಂಡು ಪ್ಲೇಟ್ ಆರಿಸಿದ್ದೆ, ನಡುವೆ ತೂತಿರುವ, 85861 ನಂಬರಿನ ತುಂಡು. ಟ್ಯೂಬ್ 3 ಮಿಲಿಮೀಟರಿನದು, 19 ಸ್ಟಡ್ ಉದ್ದ, ಅಂದರೆ 15.2 ಸೆಂಟಿಮೀಟರ್, ಎಲ್‌ಡ್ರಾ ಲೆಕ್ಕದಲ್ಲಿ 380. ಅದೇ ಲೆಕ್ಕದಲ್ಲಿ ಪ್ಲೇಟ್ ದಪ್ಪ 8. ಒಂದು ಟ್ಯೂಬಿಗೆ 47 ಹಿಡಿಯುತ್ತವೆ. ಪರದೆಯ ಮೇಲೆ 47 ಹಣ್ಣು ಹಾವಿನಂತೆ ಬಳುಕಿ ನಿಂತವು, ಎಷ್ಟು ಚೆಂದ! ಹನ್ನೆರಡು ಕೊಂಬೆಗೆ 560 ಚಿಲ್ಲರೆ ಪ್ಲೇಟನ್ನು ಹೊರದೇಶದ ಅಂಗಡಿಯಿಂದ ತರಿಸಿದೆ. ಪ್ಲೇಟಿಗೇ ಎರಡೂವರೆ ಸಾವಿರದ ಮೇಲಾಯಿತು. ಕೊರಿಯರ್ ಮತ್ತು ಸುಂಕ ಸೇರಿ ಹೆಚ್ಚುಕಡಿಮೆ ಇನ್ನೂ ಅಷ್ಟೇ.

ಪ್ಯಾಕೆಟ್ ಬಂದ ರಾತ್ರಿ ಪೋಣಿಸಿದೆ. ತೂತು ಬಿಗಿ, ಬೆರಳು ನೋವು ಬಂತು. ಮುಗಿದ ಮೇಲೆ ಬಾಗಿಸಲು ಹೋದರೆ ಟ್ಯೂಬ್ ಬೆತ್ತದಂತೆ ನೆಟ್ಟಗೆ ನಿಂತಿತು. ಒಂದರ ಸ್ಟಡ್ ಇನ್ನೊಂದರ ತಳಕ್ಕೆ ಕಚ್ಚಿಕೊಂಡರೆ ಅದು ಕಂಬ, ಬಾಗುವುದೆಲ್ಲಿ? ಸಾಫ್ಟ್‌ವೇರಿಗೆ ಕಚ್ಚುವ ಹಿಡಿತ ಗೊತ್ತಿಲ್ಲ. ಒಂದು ಬಿಟ್ಟು ಒಂದನ್ನು ಮಗುಚಿ ಸ್ಟಡ್ಡಿಗೆ ಸ್ಟಡ್ ಎದುರಾಗಿಸಿ ನೋಡಿದೆ. ಕಚ್ಚಲಿಲ್ಲ, ಬಾಗಿತು. ಆದರೆ ಜೋಡಿಯೊಂದಕ್ಕೆ ಎಲ್‌ಡ್ರಾ ಲೆಕ್ಕದಲ್ಲಿ 24 ಉದ್ದ ಬೇಕು, ಸಂದು ಕಾಣುತ್ತದೆ. ಹಣ್ಣಿನಂತೆ ಕಾಣಲಿಲ್ಲ.

ದಾರಿ ತೋರಿಸಿದ್ದು ಮಾಲೀಕರು. ಪರದೆಯಲ್ಲಿ ಕೊಂಬೆ ನೋಡಿ, "ಬುಡದಿಂದ ತುದಿವರೆಗೆ ಹೀಗೆ ಹಣ್ಣು ಬಿಡುತ್ತಾ? ಗಂಟಿನಲ್ಲಿ ಗೊಂಚಲು. ತುದೀಲಿ ಹಣ್ಣೇ ಇರಲ್ಲ, ಹೋದ ವರ್ಷ ಬೆಳೆದ ಕಡ್ಡೀಲಿ ಮಾತ್ರ" ಎಂದರು. ಅವರದ್ದು ರೋಬಸ್ಟಾ ತೋಟ, ನಲವತ್ತು ವರ್ಷ ಗಿಡ ನೋಡಿದವರು. ಅಲ್ಲಿಗೆ ಎಲ್ಲ ಬಗೆಹರಿಯಿತು. ಗಂಟಿನಲ್ಲಿ ಎರಡು ಮೂರು ಪ್ಲೇಟ್ ಕಚ್ಚಿಕೊಂಡು ಗಟ್ಟಿಯಾಗಿ ಕೂರಲಿ, ಎಲೆಗೆ 4085 ಕ್ಲಿಪ್ ಎರಡು. ಗಂಟಿನಿಂದ ಗಂಟಿಗೆ ಬರಿ ಟ್ಯೂಬ್, ಅದು ಬೇಕಾದಷ್ಟು ಬಾಗಲಿ. ಟ್ಯೂಬಿಗೆ ಏಳು ಗಂಟು, ತುದಿಯ ಎರಡರಲ್ಲಿ ಎಲೆ ಮಾತ್ರ. ತುದಿಗೆ ಹೋದಂತೆ ಗಂಟು ಹತ್ತಿರ ಹತ್ತಿರ. ಯಾವ ಗಂಟಿಗೆ ಎರಡು, ಯಾವುದಕ್ಕೆ ಮೂರು ಎಂದು ಸ್ಕ್ರಿಪ್ಟ್ ಹೇಗೆ ತೀರ್ಮಾನಿಸುತ್ತದೆ ಎನ್ನುವುದು ನನ್ನ ಎರಡನೆಯ ಗುಟ್ಟು. ನೋಡಿದವರು ಕೈಯಲ್ಲೇ ಕೂರಿಸಿದ್ದು ಎಂದುಕೊಳ್ಳುತ್ತಾರೆ.

ಕೊನೆಗೆ ಬೇಕಾದ ಕೆಂಪು ಪ್ಲೇಟ್ 160ರ ಆಸುಪಾಸು. ಉಳಿದ 400 ಡಬ್ಬಿಯಲ್ಲಿವೆ. ಎಲೆ, ಕ್ಲಿಪ್, ಟ್ಯೂಬ್, ಬುಡದ ಕಟ್ಟಡ ಸೇರಿ ಒಟ್ಟು ಖರ್ಚು ಹದಿನಾಲ್ಕು ಸಾವಿರ ದಾಟಿತು. ಕೈಗೆ ಬಂದದ್ದು 35 ಸಾವಿರ. ಮೊದಲ ಆರ್ಡರ್ ಸರಿಯಾಗಿ ಹಾಕಿದ್ದರೆ ಇನ್ನೊಂದು ಮೂರು ಸಾವಿರ ಉಳಿಯುತ್ತಿತ್ತು.

ನಡುವೆ ಒಂದು ಸಂಜೆ ಸುಮ್ಮನೆ ಹಣ್ಣಿನ ಫೈಲ್ ಹೆಸರಿನ ಜಾಗದಲ್ಲಿ ಬಿಳಿ ಹೂವಿನ 24866 ಹಾಕಿ ಓಡಿಸಿದೆ. ಐದು ಎಸಳು, ಕಾಫಿ ಹೂವಿಗೆ ಹೇಳಿ ಮಾಡಿಸಿದಂತಿದೆ. ಹೂ ಮಳೆ ಬಿದ್ದು ವಾರ ಕಳೆದ ತೋಟದ ಹಾಗೆ ಇಡೀ ಗಿಡ ಬೆಳ್ಳಗಾಯಿತು. ಹೆಂಡತಿಯನ್ನು ಕರೆದು ತೋರಿಸಿದೆ.

ಹಾಗೇ ಮೆಣಸಿನ ಬಳ್ಳಿಗೂ ಕೈ ಹಾಕಿದೆ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ. ಇಲ್ಲಿ ಟ್ಯೂಬ್ ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಓಡಿಸಿದರೆ ಎಲೆಗಳೇ ಮಾಯ! ಟ್ಯೂಬಿನ ದಿಕ್ಕೂ ನಾನು ಕೊಟ್ಟ ಮೇಲಿನ ದಿಕ್ಕೂ ಒಂದೇ ಆದಾಗ, ಅವೆರಡನ್ನು ಗುಣಿಸಿ ಎಲೆಯ ಅಡ್ಡ ದಿಕ್ಕು ತೆಗೆಯುವ ಲೆಕ್ಕವೆಲ್ಲ ಸೊನ್ನೆ. ಅಂಥ ಕಡೆ ಹಿಂದಿನ ಗಂಟಿನ ಮುಖವನ್ನೇ ಮುಂದಕ್ಕೆ ಒಯ್ದು, ಟ್ಯೂಬ್ ಬಾಗಿದಷ್ಟು ಮಾತ್ರ ತಿರುಗಿಸಿದೆ. ಎಲೆ ವಾಪಸ್ ಬಂದವು. ಮೆಣಸಿನಲ್ಲಿ ಗಂಟಿಗೆ ಒಂದೇ ಎಲೆ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅದರ ಎದುರಿಗೆ ಗೆರೆ, ಅಂದರೆ ಕಾಳು ಕಟ್ಟುವ ತೆನೆ, ಹುಟ್ಟಿ ಕೆಳಕ್ಕೆ ಜೋತು ಬೀಳುತ್ತದೆ. ಗಂಟು ಬಿಟ್ಟು ಗಂಟಿಗೆ ಅರ್ಧ ಸುತ್ತು ತಿರುಗಿಸಿದ್ದೂ ಆಯಿತು. ಗೆರೆ ಮಾತ್ರ ಇನ್ನೂ ಕಾಂಡದೊಳಗೆ ತೂರಿಕೊಳ್ಳುತ್ತಿದೆ, ಅದೊಂದು ಬಾಕಿ ಇದೆ.

ಬೆಂಗಳೂರಿನ ಗೆಳೆಯ ಹೋದ ತಿಂಗಳು ಬಂದು ಗಿಡ ನೋಡಿ ಫೈಲ್ ಕೇಳಿದ. ಗಿಡದ ಫೈಲ್ ಕೊಟ್ಟೆ, ಸ್ಕ್ರಿಪ್ಟ್ ಕೊಡಲಿಲ್ಲ. ಮಾಲೀಕರು ಹೂವಿನ ಗಿಡ ಮಾರ್ಚ್ ಒಳಗೆ ಬೇಕು ಎಂದಿದ್ದಾರೆ. ಈ ಸಲ ಬಿಳಿ ಹೂವು 170 ಮಾತ್ರ ತರಿಸಿದ್ದೇನೆ.