ಸಿಜಿಎ ಪರದೆಯ ಮೇಲೆ ‘ಅಕ್ಕ’ ಮೂಡಿಸಿದ್ದು

1990ರಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಪಿಸಿ-ಎಕ್ಸ್‌ಟಿ ಅನ್ನೋ ಕಂಪ್ಯೂಟರ್ ಇತ್ತು, ಅದರಲ್ಲಿ ಪರದೆಗೆ ಚಿತ್ರ ಕಳಿಸುವ ಸಿಜಿಎ ಕಾರ್ಡು. ಅದರ ಪರದೆ ಮೇಲೆ ಕನ್ನಡ ಬರೆಸಬೇಕು ಅನ್ನೋ ಆಸೆ ನನಗೆ.

ಇಂಗ್ಲಿಷ್ ತೋರಿಸುವುದು ಸುಲಭ. ಬರೀ ಅಕ್ಷರ ತೋರಿಸುವ ಟೆಕ್ಸ್ಟ್ ಮೋಡ್‌ನಲ್ಲಿ 80 ಕಾಲಂ, 25 ಸಾಲು. ಒಂದೊಂದು ಜಾಗಕ್ಕೂ ಎರಡು ಬೈಟು: ಒಂದು ಅಕ್ಷರದ ನಂಬರು, ಇನ್ನೊಂದು ಬಣ್ಣ. ಪರದೆಯ ಮೆಮೊರಿ ಇರುವ ಬಿ800 ಸೆಗ್ಮೆಂಟಿನಲ್ಲಿ ಸುಮ್ನೆ 65 ಅಂತ ಹಾಕಿದರೆ ಸಾಕು, ‘ಎ’ ಬಂದು ಕೂರುತ್ತಿತ್ತು. ಆಕಾರ ಬರೆಯುವುದು ನಮ್ಮ ಪ್ರೋಗ್ರಾಮ್ ಅಲ್ಲ, ಕಾರ್ಡು. ಅದರ ಚಿಪ್‌ನಲ್ಲಿ 256 ಆಕಾರ, ಪ್ರತಿಯೊಂದಕ್ಕೂ 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರ. ಕನ್ನಡ ಅದರಲ್ಲಿ ಇಲ್ಲ. ಇದ್ದಿದ್ದರೂ ಅಷ್ಟರಲ್ಲಿ ಒತ್ತಕ್ಷರ ಎಲ್ಲಿ ಹಿಡಿಸಬೇಕು?

ಅದಕ್ಕೇ ಚುಕ್ಕೆ ಚುಕ್ಕೆಯಾಗಿ ಬರೆಯಬಹುದಾದ ಗ್ರಾಫಿಕ್ಸ್ ಮೋಡ್‌ಗೆ ಹೋದೆ. 640 ಚುಕ್ಕೆ ಅಗಲ, 200 ಗೆರೆ ಎತ್ತರ. ಚುಕ್ಕೆಗೆ ಒಂದು ಬಿಟ್, ಎಂಟು ಬಿಟ್ ಸೇರಿ ಒಂದು ಬೈಟು, ಹಾಗಾಗಿ ಗೆರೆಗೆ 80 ಬೈಟು. ಗ್ರಾಫ್ ಹಾಳೆಯಲ್ಲಿ ‘ಕ’ ಬರೆದು, ಚೌಕ ಎಣಿಸಿ, ಆ ಬೈಟುಗಳನ್ನು ಪ್ರೋಗ್ರಾಮ್ ಬರೆಯುವ ಟರ್ಬೋ ಸಿಯಲ್ಲಿ ಟೈಪ್ ಮಾಡಿ ಓಡಿಸಿದರೆ, ಅಕ್ಷರ ಎರಡು ಪಟ್ಟು ಉದ್ದ, ನಡುನಡುವೆ ಕಪ್ಪು ಗೆರೆ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಸಿಜಿಎ ಮೆಮೊರಿಯಲ್ಲಿ ಸಮ ಗೆರೆಗಳನ್ನು ಒಂದು ಕಡೆ, ಬೆಸ ಗೆರೆಗಳನ್ನು 8192 ಬೈಟು ಆಚೆ ಇಡುತ್ತದೆ. ನಾನು ಎಲ್ಲವನ್ನೂ ಸಮದ ಕಡೆಗೇ ತುಂಬಿದ್ದೆ.

ಅದು ಸರಿಹೋದರೂ ‘ಕ’ ಬಡಕಲಾಗಿಯೇ ಕಂಡಿತು. ಆ ಮೋಡ್‌ನಲ್ಲಿ ಚುಕ್ಕೆ ಚೌಕ ಅಲ್ಲ, ಅಗಲದ 2.4 ಪಟ್ಟು ಎತ್ತರ. ಹಾಗಾಗಿ ಅಕ್ಷರಕ್ಕೆ 32 ಚುಕ್ಕೆ ಅಗಲ, 16 ಗೆರೆ ಎತ್ತರ ಕೊಟ್ಟೆ, ಕೆಳಗೆ ಒತ್ತಿಗೆ 8 ಗೆರೆ. ಪರದೆಗೆ ಬರೀ 8 ಸಾಲು, ಸಾಲಿಗೆ 20 ಅಕ್ಷರ. ಆದರೂ ಓದಲು ಆಗುತ್ತಿತ್ತು, ಅದು ಮುಖ್ಯ ಅಲ್ವಾ?

ಜಾಸ್ತಿ ಹೊತ್ತು ಹಿಡಿದದ್ದು ಗುಣಿತ. ಇಡೀ ಕಾಗುಣಿತಕ್ಕೆ ಬೇರೆ ಬೇರೆ ಚೌಕ ಎಣಿಸುತ್ತಾ ಕೂರಲು ಆಗುವುದಿಲ್ಲ. ಅಕ್ಷರದ ಮೈ ಬೇರೆ, ತಲೆಕಟ್ಟು ಬೇರೆ, ಗುಡಿಸು, ಕೊಂಬು, ಒತ್ತು ಎಲ್ಲ ಬೇರೆ ಮಾಡಿಕೊಂಡು, ಬೇಕಾದ್ದನ್ನು ಮಾತ್ರ ಒಂದರ ಮೇಲೊಂದು ಸೇರಿಸಿದೆ. ಜ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ. ಅವುಗಳ ಇಕಾರಕ್ಕೆ ಪೂರ್ತಿ ಬೇರೆ ಚಿತ್ರ ಬರೆಯಬೇಕಾಯಿತು.

ಮೊದಲು ಬರೆಸಿದ ಪದ ‘ಅಕ್ಕ’, ಒತ್ತು ಸರಿಯಾಗಿ ಕೂರುತ್ತದಾ ನೋಡಲು. ಕೂತಿತು! ಆಮೇಲೆ ಪರದೆ ಮೇಲಕ್ಕೆ ಸರಿಸುವ ಕೆಲಸ. ನನ್ನ ಒಂದು ಸಾಲು 24 ಗೆರೆ, ಸಮ ಸಂಖ್ಯೆ. ಸಮ, ಬೆಸ ಎರಡೂ ಭಾಗವನ್ನು 960 ಬೈಟು ಹಿಂದಕ್ಕೆ ನಕಲು ಮಾಡಿದರೆ ಮುಗಿಯಿತು. 25 ಗೆರೆ ಇಟ್ಟಿದ್ದರೆ ಸಮದ್ದು ಬೆಸಕ್ಕೆ, ಬೆಸದ್ದು ಸಮಕ್ಕೆ ಹೋಗಬೇಕಿತ್ತು.