ಹಡಗಿಗೊಂದು ಊನ, ಸಿಬ್ಬಂದಿಗೊಂದು ಜಗಳ

ಮೇಜಿನ ಸುತ್ತ ಕುಳಿತು, ಪಾತ್ರ ವಹಿಸಿ, ದಾಳ ಉರುಳಿಸಿ ಮಾತಿನಲ್ಲೇ ಆಡುವ ಸಮುದ್ರಯಾನದ ಕಾಲ್ಪನಿಕ ಆಟ ನಡೆಸುವವರು ವಾರಗಟ್ಟಲೆ ಕುಳಿತು ನಕಾಶೆ ಬರೆಯುತ್ತಾರೆ, ದ್ವೀಪಕ್ಕೊಂದು ರಾಜವಂಶ ಕಟ್ಟುತ್ತಾರೆ, ನೀರಿನಾಳದ ಭೂತಗಳ ಹಲ್ಲನ್ನೂ ಎಣಿಸಿಡುತ್ತಾರೆ. ಆಟಗಾರರು ಹತ್ತಬೇಕಾದ ಹಡಗಿನ ಸರದಿ ಬಂದಾಗ ಮಾತ್ರ ಮೂರು ಕೂವೆಮರ, ನಲವತ್ತು ಜನ, ಒಕ್ಕಣ್ಣಿನ ಕಪ್ತಾನ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. ಮುಂದಿನ ವಾರ ಆ ಕಪ್ತಾನನ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಹಡಗು ಬಸ್ಸಾಗಿಬಿಡುತ್ತದೆ: ಹತ್ತಿದರು, ಇಳಿದರು. ಆಟ ತಿಂಗಳುಗಟ್ಟಲೆ ಸಾಗಿದರೆ ಪಾತ್ರಗಳು ಅತಿ ಹೆಚ್ಚು ಹೊತ್ತು ಕಳೆಯುವುದು ಹಡಗಿನ ಮೇಲೆಯೇ. ಆದ್ದರಿಂದ ದ್ವೀಪಗಳನ್ನು ಪಕ್ಕಕ್ಕಿಟ್ಟು ಹಡಗಿನಿಂದ ಶುರುಮಾಡಿ.

ಹಂತ 1: ಕಸುಬು

ಹಡಗು ಹೊಟ್ಟೆಪಾಡಿಗೆ ಏನು ಮಾಡುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಉಪ್ಪು ಸಾಗಿಸುತ್ತದೆ, ಯಾತ್ರಿಕರನ್ನು ದಾಟಿಸುತ್ತದೆ, ಮುಳುಗಿದ ಹಡಗುಗಳ ಸಾಮಾನು ಎತ್ತುತ್ತದೆ. ‘ಸಾಹಸ ಮಾಡುತ್ತದೆ’ ಎಂಬುದು ಕಸುಬಲ್ಲ. ಅದಕ್ಕೂ ಮೊದಲು ಇದೇ ಹಡಗು ಏನಾಗಿತ್ತು ಎಂಬ ಇನ್ನೊಂದು ವಾಕ್ಯ ಸೇರಿಸಿದರೆ ಇನ್ನೂ ಒಳ್ಳೆಯದು. ಕಡಲ್ಗಳ್ಳ ಬ್ಲ್ಯಾಕ್‌ಬಿಯರ್ಡ್‌ನ ಪ್ರಸಿದ್ಧ ‘ಕ್ವೀನ್ ಆನ್ಸ್ ರಿವೆಂಜ್’ ಅವನು ಕಟ್ಟಿಸಿದ್ದಲ್ಲ. ಅದು ‘ಲಾ ಕಾಂಕಾರ್ಡ್’ ಎಂಬ ಫ್ರೆಂಚ್ ಗುಲಾಮಸಾಗಣೆ ಹಡಗಾಗಿತ್ತು, 1717ರಲ್ಲಿ ಅವನ ಕೈಸೇರಿತು. ಹಳೆಯ ಬದುಕಿನ ಗುರುತುಗಳು ಹಲಗೆಗಳಲ್ಲಿ ಉಳಿದಿರುತ್ತವೆ. ಆಟಗಾರರು ಅವುಗಳ ಮೇಲೆ ಕೈಯಾಡಿಸಲಿ.

ಹಂತ 2: ಹೆಸರು

ಕೇಳಿದ ಕೂಡಲೇ ‘ಯಾಕೆ ಹೀಗೆ?’ ಎನಿಸಬೇಕು, ಅಷ್ಟೇ. ‘ಚಂಡಮಾರುತ’, ‘ಕಡಲರಾಣಿ’, ‘ರಕ್ತಕತ್ತಿ’ ಬೇಡವೇ ಬೇಡ. ಗುಂಡಿ ಒತ್ತಿದರೆ ನೂರು ಹೆಸರು ಉದುರಿಸುವ ತಾಣಗಳೂ ಬೇಡ. ಅವು ಕೊಡುವುದು ಒಂದು ಭಯಂಕರ ವಿಶೇಷಣ, ಒಂದು ಪ್ರಾಣಿ. ನನ್ನ ಉದಾಹರಣೆಯ ಹಡಗಿನ ಹೆಸರು ‘ಹಿಂಬಾಕಿ’. ಸಾಲ ಮಾಡಿ ಕೊಂಡದ್ದು, ಸಾಲ ಇನ್ನೂ ತೀರಿಲ್ಲ.

ಹಂತ 3: ಊನ

ವೇಗ, ಫಿರಂಗಿ, ಗಟ್ಟಿತನಗಳಿಗೆ ಅಂಕ ಕೊಡುವುದರಲ್ಲಿ ಜನರಿಗೆ ಎಲ್ಲಿಲ್ಲದ ಹುರುಪು. ಆದರೆ ಮೇಜಿನ ಸುತ್ತ ಕುಳಿತವರಿಗೆ ನೆನಪಿರುವುದು ಹಡಗಿನ ಶಕ್ತಿಗಿಂತ ಅದರ ಕಾಟ. 1628ರಲ್ಲಿ ಸ್ವೀಡನ್ನಿನ ‘ವಾಸಾ’ ಎಂಬ ಯುದ್ಧನೌಕೆ ಸ್ಟಾಕ್‌ಹೋಮಿನ ಬಂದರು ಬಿಟ್ಟು ಸುಮಾರು 1,300 ಮೀಟರ್ ಸಾಗುವಷ್ಟರಲ್ಲಿ ಮುಳುಗಿತು. ಎರಡು ಅಂತಸ್ತಿನ ಫಿರಂಗಿಗಳ ಭಾರ ಮೇಲೆ, ತಳದಲ್ಲಿ ಅದಕ್ಕೆ ತಕ್ಕ ತೂಕವಿಲ್ಲ. ಹೊರಡುವ ಮೊದಲೇ ಮೂವತ್ತು ಜನರನ್ನು ಡೆಕ್ಕಿನ ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಹಡಗು ತೂಗಾಡಿದ ರಭಸಕ್ಕೆ ಹೆದರಿ ಪರೀಕ್ಷೆಯನ್ನೇ ನಿಲ್ಲಿಸಿ, ಹಡಗನ್ನು ಮಾತ್ರ ಕಳುಹಿಸಿದರು. ಗೊತ್ತಿದ್ದೂ ಹೊರಡುವ ಆ ಗಳಿಗೆ ಇದೆಯಲ್ಲ, ಆಟಕ್ಕೆ ಬೇಕಾದದ್ದು ಅದು.

ಊನ ಅಂದರೆ ‘ವೇಗಕ್ಕೆ ಎರಡಂಕ ಕಡಿತ’ ಎಂದು ಬರೆದಿಡುವುದಲ್ಲ. ಪ್ರತಿ ಪಯಣದಲ್ಲೂ ಆಟಗಾರರು ಒಂದು ತೀರ್ಮಾನ ಮಾಡಲೇಬೇಕು, ಹಾಗಿರಬೇಕು. ‘ಹಿಂಬಾಕಿ’ಯ ಒಡಲಲ್ಲಿ ಆಳೆತ್ತರದ ಕಂಚಿನ ಗಂಟೆಯೊಂದಿದೆ. ಅದನ್ನು ತರಿಸಿಕೊಂಡಿದ್ದ ಬಂದರು ಹಡಗು ತಲುಪುವ ಮೊದಲೇ ಕಡಲಪಾಲಾಯಿತು. ಡೆಕ್ ಬಿಚ್ಚದೆ ಗಂಟೆಯನ್ನು ಹೊರತೆಗೆಯುವಂತಿಲ್ಲ. ಹಡಗು ಜೋರಾಗಿ ಹೊರಳಿದರೆ ಅದು ಮೊಳಗುತ್ತದೆ, ಮೊಳಗಿದರೆ ಕೆಳಗಿನಿಂದ ಯಾರೋ ಓಗೊಡುತ್ತಾರೆ. ಸದ್ದಡಗಿಸಲು ಉಣ್ಣೆಯ ಮೂಟೆ ತುರುಕಬಹುದು, ಆದರೆ ಮೂಟೆ ಸರಕಿನದು, ಒದ್ದೆಯಾದರೆ ಬೆಲೆ ಬಿತ್ತು. ಬೆನ್ನಟ್ಟಿ ಬರುವವರಿಂದ ಕತ್ತಲಲ್ಲಿ ತಪ್ಪಿಸಿಕೊಳ್ಳುವಾಗ ಮೂಟೆ ಮುಖ್ಯವೋ ಮೌನ ಮುಖ್ಯವೋ? ದಾಳ ಮುಟ್ಟುವ ಮೊದಲೇ ಮೇಜಿನ ಸುತ್ತ ವಾದ ಶುರುವಾಗುತ್ತದೆ.

ಮಾಂತ್ರಿಕ ಊನವೇ ಬೇಕೆಂದಿಲ್ಲ. ಮರ ಕೊರೆಯುವ ಹಡಗುಹುಳು ಸಾಕು. ಅದರ ಕಾಟ ತಾಳಲಾರದೆ ಬ್ರಿಟಿಷ್ ನೌಕಾಪಡೆ 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿ ನೋಡಿತು. ನಿಮ್ಮ ಹಡಗಿನ ತಗಡನ್ನು ಯಾರೋ ಅರ್ಧ ಕಿತ್ತು ಮಾರಿಕೊಂಡಿರಲಿ. ಊನ ಒಂದೇ ಇರಲಿ. ಮೂರು ಊನಗಳ ಹಡಗನ್ನು ಆಟಗಾರರು ಮೊದಲ ಬಂದರಿನಲ್ಲೇ ಬಿಟ್ಟು ಹೋಗುತ್ತಾರೆ.

ನಡುವೆ ಒಂದು ಮಾತು. ಹಗ್ಗ, ಗಂಟು, ಹಾಯಿಗಳ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಲು ಹೋಗಬೇಡಿ. ಮೂರು ಸಂಗತಿ ಗೊತ್ತಿದ್ದರೆ ಆಟ ಸಾಗುತ್ತದೆ. ಹಾಯಿ ಹಡಗು ಗಾಳಿಗೆ ನೇರ ಎದುರಾಗಿ ಹೋಗಲಾರದು, ಓರೆಯಾಗಿ ಹಾವಿನಂತೆ ಹೋಗಬೇಕು. ಐದು ನಾಟ್, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ ವೇಗದಲ್ಲಿ ಒಂದು ಹಗಲು ರಾತ್ರಿಗೆ 120 ನಾಟಿಕಲ್ ಮೈಲಿ, ಅಂದರೆ ಸುಮಾರು 222 ಕಿಲೋಮೀಟರ್. ಸಿಬ್ಬಂದಿ ನಾಲ್ಕು ನಾಲ್ಕು ಗಂಟೆಯ ಪಾಳಿಯಲ್ಲಿ ಪಹರೆ ಕಾಯುತ್ತಾರೆ, ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆಯುತ್ತಾರೆ. ಇನ್ನು, ಮಿರುಗುವ ಕಾಗದದ ಮೇಲೆ ಅಚ್ಚು ಹಾಕಿ ಮಾರುವ ಡೆಕ್ ನಕ್ಷೆಗಳು ಶುದ್ಧ ದಂಡ. ಮೆಟ್ಟಿಲು ಹತ್ತಿದರೆ ಗೋಡೆ, ಅಡುಗೆಮನೆಗೆ ಹೊಗೆ ಹೋಗಲು ದಾರಿಯಿಲ್ಲ. ಬಿಳಿ ಹಾಳೆಯಲ್ಲಿ ನೀವೇ ನಾಲ್ಕು ಗೆರೆ ಎಳೆಯಿರಿ.

ಹಂತ 4: ಸಿಬ್ಬಂದಿ

ಎಲ್ಲರೂ ಕೆಡಿಸುವುದು ಇಲ್ಲಿ. ಮೊದಲ ದಿನವೇ ಇಪ್ಪತ್ತು ಜನರನ್ನು ಡೆಕ್ಕಿನ ಮೇಲೆ ಸಾಲಾಗಿ ನಿಲ್ಲಿಸಿ ಹೆಸರು, ಗಡ್ಡದ ಬಣ್ಣ, ಗಾಯದ ಗುರುತುಗಳನ್ನು ಓದಿಹೇಳುತ್ತಾರೆ. ಆಟಗಾರರು ತಲೆಯಾಡಿಸುತ್ತಾರೆ, ಮೊಬೈಲ್ ತೆಗೆಯುತ್ತಾರೆ.

1805ರ ಟ್ರಫಾಲ್ಗರ್ ಕದನದಲ್ಲಿ ‘ವಿಕ್ಟರಿ’ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ಸುಮಾರು 820 ಜನರಿದ್ದರು. ನಿಮ್ಮ ಹಡಗಿನಲ್ಲಿ ಎಷ್ಟು ಜನರಿದ್ದರೂ ಸರಿ, ಹೆಸರು ಐದು ಮಂದಿಗೆ ಮಾತ್ರ. ಉಳಿದವರೆಲ್ಲ ಸೇರಿ ಒಂದೇ ಪಾತ್ರ: ‘ಖಲಾಸಿಗಳು’. ಅವರಿಗೆ ಒಟ್ಟಾಗಿ ಒಂದು ಗೊಣಗಾಟವಿರಲಿ. ‘ಹಿಂಬಾಕಿ’ಯಲ್ಲಿ ಅದು ಮೂರು ಬಂದರುಗಳಿಂದ ಸಿಗದ ಸಂಬಳ.

ಐವರನ್ನು ಆರಿಸುವಾಗ ಅವರ ದರ್ಜೆ ನೋಡಬೇಡಿ. ಆಟಗಾರರು ಏನನ್ನಾದರೂ ಕೇಳಲು ಯಾರ ಬಳಿ ಹೋಗಲೇಬೇಕು ಎಂದು ನೋಡಿ. ನೀರು, ಹಣ ಯಾರ ಕೈಯಲ್ಲಿ? ಒಡೆದದ್ದನ್ನು ಯಾರು ಕಟ್ಟುತ್ತಾರೆ? ಖಲಾಸಿಗಳು ಯಾರ ಮಾತಿಗೆ ಏಳುತ್ತಾರೆ? ಹಿಂದೂ ಮಹಾಸಾಗರದ ಹಡಗುಗಳಲ್ಲಿ ಖಲಾಸಿಗಳ ಮುಖ್ಯಸ್ಥ ಸಾರಂಗ, ಅವನ ಕೆಳಗೆ ತಾಂಡೇಲ, ಅಡುಗೆಗೆ ಭಂಡಾರಿ. ಕಪ್ತಾನ ಏನೇ ಕೂಗಿದರೂ ಕೆಲಸ ಸಾಗುತ್ತಿದ್ದುದು ಸಾರಂಗನ ಮೂಲಕ. ಅಧಿಕಾರ ಹೀಗೆ ಹಂಚಿಹೋಗಿರುವ ಹಡಗೇ ಆಟಕ್ಕೆ ಲೇಸು. ಎಲ್ಲವನ್ನೂ ತಾನೇ ಬಲ್ಲ, ತಾನೇ ಗೆಲ್ಲುವ ಕಪ್ತಾನನನ್ನು ಮಾತ್ರ ಸೃಷ್ಟಿಸಲೇಬೇಡಿ. ಅಂಥವನಿದ್ದರೆ ಆಟಗಾರರಿಗೆ ಉಳಿಯುವುದು ಪ್ರೇಕ್ಷಕರ ಜಾಗ.

ಈಗ ಕಷ್ಟದ ಕೆಲಸ. ಒಬ್ಬೊಬ್ಬರಿಗೂ ಗತಕಥೆ ಬರೆಯುವ ಬದಲು ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಏನಿದೆ ಎಂದು ಬರೆಯಿರಿ. ಋಣ, ಗುಟ್ಟು, ಮುನಿಸು, ಯಾವುದಾದರೂ ಸರಿ. ಗತಕಥೆಯನ್ನು ಯಾರಾದರೂ ಕೇಳಿದರೆ ಮಾತ್ರ ಹೇಳಬಹುದು, ಯಾರೂ ಕೇಳುವುದಿಲ್ಲ. ಮುನಿಸು ತಾನಾಗಿ ಹೊರಬೀಳುತ್ತದೆ.

‘ಹಿಂಬಾಕಿ’ಯ ಕಪ್ತಾನಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಹಡಗು ಕೊಳ್ಳಲು ಅವಳಿಗೆ ಸಾಲ ಕೊಟ್ಟವನು ಉಗ್ರಾಣ ನೋಡಿಕೊಳ್ಳುವ ಅರೆಕಾಸು. ಆದ್ದರಿಂದ ಅವನನ್ನು ಅವಳು ಗದರಿಸಬಹುದು, ಇಳಿಸಲಾರಳು. ಬಡಗಿ ತೂಬಣ್ಣನಿಗೆ ಗಂಟೆಯನ್ನು ಕೊಯ್ದು ನೀರಿಗೆಸೆಯುವ ಹಟ. ಮುಳುಗಿದ ಊರಿಗಾದರೂ ಕೊಟ್ಟ ಮಾತು ಮಾತೇ ಎಂದು ದೊಡ್ಡಮ್ಮನ ಹಟ. ಹಿಂದೊಮ್ಮೆ ತೂಬಣ್ಣನನ್ನು ಮರಳದಿಣ್ಣೆಯ ಮೇಲೆ ಬಿಟ್ಟು ಹಡಗು ಹೊರಟುಹೋಗಿತ್ತು. ಹಾಯಿ ಬಿಚ್ಚಲು ಹೇಳಿದವನು ಸಾರಂಗ ಸೀಟಿ. ಇದು ತೂಬಣ್ಣನಿಗೆ ಗೊತ್ತಿಲ್ಲ, ಭಂಡಾರಿ ಮಸಿಗೆ ಗೊತ್ತು. ಮಸಿಯ ಬಾಯಿ ಮುಚ್ಚಿಸಲು ಸೀಟಿ ಅವನಿಗೆ ಒಣ ಕಟ್ಟಿಗೆ ಸಾಗಿಸುತ್ತಾನೆ.

ಇಷ್ಟನ್ನೂ ನೀವು ಆಟಗಾರರಿಗೆ ಹೇಳುವುದಿಲ್ಲ. ಬಡಗಿ ಒಂದು ತುಂಡು ಹಲಗೆಗೆ ಎಲ್ಲರ ಬಳಿ ಬೇಡುತ್ತಿರುವಾಗ ಅಡುಗೆಯವನ ಒಲೆಯ ಪಕ್ಕದಲ್ಲಿ ಒಣ ಕಟ್ಟಿಗೆ ಎದೆಮಟ್ಟ ಪೇರಿಸಿರುವುದನ್ನು ಮಾತ್ರ ತೋರಿಸುತ್ತೀರಿ. ಯಾರೋ ಒಬ್ಬ ಆಟಗಾರ ಎರಡನೇ ವಾರವೋ ಐದನೇ ವಾರವೋ ‘ಈ ಕಟ್ಟಿಗೆ ಎಲ್ಲಿಯದು?’ ಎಂದು ಕೇಳುತ್ತಾನೆ. ಅಲ್ಲಿಂದ ಕಥೆ ಅವರದು.

ಪಾತ್ರಗಳನ್ನು ದೃಶ್ಯಕ್ಕೊಬ್ಬರಂತೆ ಒಳತನ್ನಿ, ಏನೋ ಮಾಡುತ್ತಿರುವಂತೆ ತನ್ನಿ. ಮಳೆಯಲ್ಲಿ ತೊಯ್ದು ಹಡಗು ಹತ್ತಿದವರತ್ತ ಅರೆಕಾಸು ತಲೆ ಎತ್ತುವುದಿಲ್ಲ. ಅವರ ಗಂಟುಗಳನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡುತ್ತಾನೆ. ‘ಮೂವರ ದುಡ್ಡು ಕೊಟ್ಟಿದ್ದೀರಿ, ನಾಲ್ವರ ಸಾಮಾನಿದೆ. ನಾಲ್ಕನೆಯವನು ಎಲ್ಲಿ?’ ಅವನ ಮೂಗು ಹೇಗಿತ್ತು ಎಂದು ಇನ್ನು ಯಾರಿಗೆ ಬೇಕು?

ದನಿ ಬದಲಿಸಿ, ಉಚ್ಚಾರ ತಿರುಚಿ ಮಾತಾಡಿಸುವುದನ್ನು ಬಿಡಿ. ಹತ್ತು ನಿಮಿಷದಲ್ಲಿ ನಿಮಗೇ ಮರೆತುಹೋಗುತ್ತದೆ. ಮಾತಿನ ಚಾಳಿಯೊಂದನ್ನು ಕೊಡಿ: ಅರೆಕಾಸು ಏನು ಕೇಳಿದರೂ ಸಂಖ್ಯೆಯಲ್ಲಿ ಉತ್ತರಿಸುತ್ತಾನೆ, ಸೀಟಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕಣ್ಣುಪಟ್ಟಿ, ಮರದ ಕಾಲು, ಗಿಳಿಗಳಿಗೆ ನಿವೃತ್ತಿ ಕೊಡಿ. ದೌರ್ಬಲ್ಯ ಬೇಕೆಂದರೆ ಕಸುಬಿಗೇ ಅಡ್ಡ ಬರುವಂಥದ್ದಿರಲಿ. ಟ್ರಫಾಲ್ಗರ್ ಕದನದ ಬ್ರಿಟಿಷ್ ನೌಕಾಪಡೆಯ ನಾಯಕ ಅಡ್ಮಿರಲ್ ನೆಲ್ಸನ್‌ಗೆ ಕೊನೆಯವರೆಗೂ ಕಡಲ ವಾಂತಿ ಬಿಡಲಿಲ್ಲ.

ಹಂತ 5: ಕಟ್ಟಳೆ

ಹಡಗಿನ ಕಟ್ಟಳೆಗಳನ್ನು ಐದು ಸಾಲಿನಲ್ಲಿ ಬರೆದು ಆಟಗಾರರ ಕೈಗೆ ಕೊಡಿ. 1722ರಲ್ಲಿ ಸತ್ತ ಕಡಲ್ಗಳ್ಳ ಬಾರ್ತಲೋಮ್ಯೂ ರಾಬರ್ಟ್ಸ್‌ನ ಹಡಗಿನಲ್ಲಿ ರಾತ್ರಿ ಎಂಟಕ್ಕೆ ದೀಪ ಆರಬೇಕಿತ್ತು, ಲೂಟಿಯಲ್ಲಿ ಕಪ್ತಾನನಿಗೂ ಅವನ ನಂತರದ ಅಧಿಕಾರಿಯಾದ ಕ್ವಾರ್ಟರ್‌ಮಾಸ್ಟರನಿಗೂ ತಲಾ ಎರಡು ಪಾಲು, ವಾದ್ಯಗಾರರಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ರಜೆ. ವಾರದ ಉಳಿದ ದಿನಗಳಲ್ಲಿ ಆ ವಾದ್ಯಗಾರರ ಪಾಡು ಏನಿದ್ದಿರಬಹುದು ಎಂದು ಊಹಿಸಿಕೊಳ್ಳಿ. ‘ದಿಣ್ಣೆಗೆ ಇಳಿದವರ ತಲೆ ಎಣಿಸದೆ ಹಾಯಿ ಬಿಚ್ಚತಕ್ಕದ್ದಲ್ಲ’ ಎಂಬುದು ‘ಹಿಂಬಾಕಿ’ಯ ನಾಲ್ಕನೆಯ ಕಟ್ಟಳೆ. ಬರೆಸಿದವನು ಸೀಟಿ.

ಹಂತ 6: ಚೀಟಿ

ಹಡಗಿಗೊಂದು, ಐವರಿಗೆ ತಲಾ ಒಂದು ಅಂಗೈಯಗಲದ ಚೀಟಿ. ಕೆಲಸ, ಬೇಕಾದದ್ದು, ಯಾರೊಂದಿಗೆ ಏನು, ಮಾತಿನ ಚಾಳಿ. ಚೀಟಿಯಲ್ಲಿ ಹಿಡಿಸದ ವಿವರ ಮೇಜಿನ ಮೇಲೂ ಹಿಡಿಸುವುದಿಲ್ಲ, ಹರಿದುಹಾಕಿ. ಪ್ರತಿ ವಾರ ಆಟ ಮುಗಿದ ಮೇಲೆ ಒಬ್ಬರ ಚೀಟಿಯಲ್ಲಾದರೂ ಒಂದು ಸಾಲು ಹೊಡೆದು ಹೊಸದನ್ನು ಬರೆಯಿರಿ.

ಒಂದು ವೇಳೆ ಆಟಗಾರರು ಹಡಗನ್ನೇ ಮಾರಲು ಹೊರಟರೆ ತಡೆಯಬೇಡಿ. ಒಳ್ಳೆಯ ಬೆಲೆಯನ್ನೇ ಕೊಡಿಸಿ. ಹಣ ಎಣಿಸಿಕೊಳ್ಳುವಾಗ ಹೊಸ ಯಜಮಾನ ಐವರಲ್ಲಿ ಯಾವ ಇಬ್ಬರನ್ನು ಇಳಿಸಿಬಿಡಲಿ ಎಂದು ಅವರನ್ನೇ ಕೇಳಲಿ.