ಬಿಕಾಸ್ ಹಾಕಲೋ, ಸಿನ್ಸ್ ಹಾಕಲೋ?

ಇಂಗ್ಲಿಷ್‌ನಲ್ಲಿ ಕಾರಣ ಹೇಳುವ ವಾಕ್ಯ ಬಂದಾಗ ಕೈ ಒಂದು ಕ್ಷಣ ತಡೆಯುತ್ತದೆ. ‘ಬಿಕಾಸ್’, ‘ಸಿನ್ಸ್’, ‘ಆ್ಯಸ್’, ‘ಫಾರ್’ ಎಲ್ಲಕ್ಕೂ ಕನ್ನಡದಲ್ಲಿ ಹೆಚ್ಚುಕಡಿಮೆ ‘ಏಕೆಂದರೆ’ ಎಂದೇ ಅರ್ಥ. ನಿಘಂಟು ಇಲ್ಲಿ ಕೈಕೊಡುತ್ತದೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕಾರಣ ಎದುರಿನವರಿಗೆ ಆಗಲೇ ಗೊತ್ತಾ? ಗೊತ್ತಿಲ್ಲದಿದ್ದರೆ ‘ಬಿಕಾಸ್’. ‘ಐ ಲೆಫ್ಟ್ ಅರ್ಲಿ ಬಿಕಾಸ್ ಐ ಹ್ಯಾಡ್ ಎ ಹೆಡೇಕ್.’ ತಲೆನೋವು ಇಲ್ಲಿ ಹೊಸ ಸುದ್ದಿ, ಅದಕ್ಕೇ ಕೊನೆಯಲ್ಲಿ ಬಂತು. ಯಾರಾದರೂ ‘ವೈ?’ ಅಂತ ಕೇಳಿದರೂ ಉತ್ತರ ಶುರುವಾಗುವುದು ಬಿಕಾಸ್‌ನಿಂದಲೇ. ಅಲ್ಲಿ ಸಿನ್ಸ್ ಅಂದರೆ ಕಿವಿಗೆ ಕಿರಿಕಿರಿ. ಬಿಕಾಸ್‌ನಿಂದ ವಾಕ್ಯ ಶುರು ಮಾಡಲೇಬಾರದು ಅಂತ ಚಿಕ್ಕಂದಿನಲ್ಲಿ ಕಲಿತಿದ್ದರೆ ಮರೆತುಬಿಡಿ. ಅದರ ನಂತರ ಮುಖ್ಯ ವಾಕ್ಯ ಬಂದರೆ ತಪ್ಪೇನಿಲ್ಲ.

ಕಾರಣ ಇಬ್ಬರಿಗೂ ಗೊತ್ತಿದ್ದರೆ ‘ಸಿನ್ಸ್’. ‘ಸಿನ್ಸ್ ಯು ಆರ್ ಹಿಯರ್, ಹೆಲ್ಪ್ ಮಿ.’ ನಾವಾದರೆ ಏನನ್ನುತ್ತೇವೆ? ‘ಹೇಗೂ ಬಂದಿದ್ದೀಯಲ್ಲ, ಸ್ವಲ್ಪ ಕೈ ಜೋಡಿಸು.’ ಆ ‘ಹೇಗೂ’ ಇದೆಯಲ್ಲ, ಅದೇ ಸಿನ್ಸ್. ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಹೇಗೂ’ ಸಲೀಸಾಗಿ ಕೂತರೆ ಸಿನ್ಸ್ ಕೂಡ ಕೂರುತ್ತದೆ. ಜಾಸ್ತಿ ಸಲ ಇದು ಬರುವುದು ವಾಕ್ಯದ ಶುರುವಿನಲ್ಲಿ, ಗೊತ್ತಿರುವ ಮಾತನ್ನು ಮೊದಲು ಮುಗಿಸಿಬಿಡಲು.

‘ಆ್ಯಸ್’ ಮಾಡುವುದೂ ಇದೇ ಕೆಲಸ. ಆದರೆ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ‘ಆ್ಯಸ್ ಶಿ ವಾಸ್ ಲೀವಿಂಗ್, ಐ ಲಾಕ್ಡ್ ದ ಡೋರ್.’ ಅವಳು ಹೊರಡುತ್ತಿದ್ದಾಗ ಬೀಗ ಹಾಕಿದ್ದೋ, ಹೊರಡುತ್ತಿದ್ದಳು ಅಂತಲೇ ಹಾಕಿದ್ದೋ? ಎರಡನೆಯದಾದರೆ ಜಗಳವೇ ಅಲ್ವಾ! ಸಿನ್ಸ್‌ಗೂ ‘ಅಂದಿನಿಂದ’ ಎಂಬ ಇನ್ನೊಂದು ಅರ್ಥ ಇದೆ. ಹೀಗೆ ಎರಡರ್ಥದ ಅನುಮಾನ ಬಂದರೆ ಸುಮ್ನೆ ಬಿಕಾಸ್ ಹಾಕಿ.

‘ಫಾರ್’ ಹಳೆಯ ಕತೆ, ಭಾಷಣಗಳ ಧಾಟಿ. ವಾಕ್ಯದ ನಡುವೆ, ಅಲ್ಪವಿರಾಮದ ನಂತರ ಬರುತ್ತದೆ. ಓದಿದಾಗ ಗುರುತು ಹಿಡಿದರೆ ಸಾಕು, ಆಫೀಸಿನ ಮೇಲ್‌ಗೆ ಬೇಡ.

ಬರೆದು ಮುಗಿಸಿದ ಮೇಲೆ ಒಮ್ಮೆ ‘ಸೋ’ ಹುಡುಕಿ. ‘ಬಿಕಾಸ್ ಇಟ್ ರೇನ್ಡ್, ಸೋ ವಿ ಸ್ಟೇಯ್ಡ್ ಇನ್’ ಅಂತ ನಾನೂ ಎಷ್ಟೋ ವರ್ಷ ಬರೆದಿದ್ದೇನೆ. ‘ಮಳೆ ಬಂತಲ್ಲ, ಅದಕ್ಕೇ’ ಎನ್ನುವ ನಮ್ಮ ಅಭ್ಯಾಸ ಹಾಗೆ ಬರೆಸುತ್ತದೆ. ಇಂಗ್ಲಿಷ್‌ಗೆ ಎರಡರಲ್ಲಿ ಒಂದು ಸಾಕು. ಬಿಕಾಸ್ ಇಟ್ಟುಕೊಂಡರೆ ಸೋ ತೆಗೆಯಿರಿ. ಇನ್ನು ‘ಬಿಕಾಸ್ ಆಫ್’ ಮುಂದೆ ಇಡೀ ವಾಕ್ಯ ಬರುವಂತಿಲ್ಲ, ನಾಮಪದ ಬರಬೇಕು: ‘ಬಿಕಾಸ್ ಆಫ್ ದ ರೇನ್’.